ಡೀಲಿಯಾ ಬರೆಯದ ಹೆಸರು

ಯಾರದೋ ಒದ್ದೆ ಉಣ್ಣೆ ಕೋಟು, ಕುರಿಯ ವಾಸನೆ, ಮುಂದಿನ ಬೆಂಚಿನಲ್ಲಿ ಕೆಮ್ಮು — ಈ ಕೆಮ್ಮು ನಿಂತರೆ ಫಾದರ್ ಹೆನೆಗನ್ ಶುರುಮಾಡುತ್ತಾರೆ, ಲಕೋಟೆಗಳ ಕಟ್ಟು ಬಿಚ್ಚಿಯಾಯಿತು, ಕನ್ನಡಕ ಮೂಗಿಗೇರಿತು, ನವೆಂಬರ್ ಬಂತೆಂದರೆ ಊರಿನ ಪ್ರತಿ ಮನೆಯೂ ತನ್ನ ಸತ್ತವರ ಹೆಸರು ಬರೆದುಕೊಡಬೇಕು, ಗುರುಗಳು ಪೀಠದಿಂದ ಗಟ್ಟಿಯಾಗಿ ಓದಬೇಕು, ಇಡೀ ಇಗರ್ಜಿ ಆ ಜೀವಗಳಿಗಾಗಿ ಬೇಡಬೇಕು, ಡೀಲಿಯಾ ಫಾಹಿಯ ಲಕೋಟೆಯೂ ಅಲ್ಲಿದೆ, ನೀಲಿ ಹಾಳೆ, ಮಾವ ಪೀಟರ್, ಗಂಡ ಮಾರ್ಟಿನ್, ಎಳೆಗೂಸಾಗಿಯೇ ಹೋದ ಆನ್, ಮೂರೇ ಮೂರು, ನಾಲ್ಕನೆಯದನ್ನು ಅವಳು ಬರೆದಿಲ್ಲ, ಬರೆಯುವುದೂ ಇಲ್ಲ. ಬರಿಯಮ್ಮಾ, ಅಂದಿದ್ದಳು ಮಗಳು ಸಾಬೀನಾ, ಹೋದ ಭಾನುವಾರ, ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆಯೇ ಇರಿಯುವುದನ್ನು ಕಲಿತಿದ್ದಾಳೆ, ಕೋಲ್ಮನ್ ಹೋಗ್ಬಿಟ್ಟ ಕಣಮ್ಮಾ, ಪ್ರಾರ್ಥನೆ ಇಲ್ದೆ ಆ ಜೀವ ಎಷ್ಟು ದಿನ ಬೆಂಕೀಲಿ ಬೇಯ್ಬೇಕು? ಬಾಯ್ಮುಚ್ಚೇ, ಸೈನ್ಯದೋರು ಕಾಣೆ ಅಂತ ಬರ್ದಿದಾರೆ, ಕಾಣೆಯಾದೋನು ಸತ್ತೋನಲ್ಲ. ಕಾಣೆ ಎಂದೇ ಇದೆ, ಆಗಸ್ಟಿನಿಂದ ದಿನಾ ಓದುತ್ತಾಳೆ, ಬೆಲ್ಜಿಯಮ್ಮಿನ ಯಾವುದೋ ಕೆಸರಿನಲ್ಲಿ ಕಾಣೆ, ಆದರೆ ಅದೇ ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡು ಬಂದ ಪಕ್ಕದೂರಿನ ಥೇಡಿ ಲಾಲಿ ಬಾಗಿಲಲ್ಲಿ ನಿಂತು, ಉಳಿದೊಂದು ಕೈಯಲ್ಲಿ ಟೊಪ್ಪಿ ಹಿಸುಕುತ್ತ, ನಾನೇ ಕಣ್ಣಾರೆ ಕಂಡೆ ಡೀಲಿಯಮ್ಮಾ, ಕುದುರೆ ಬಿಡಿಸೋಕೆ ಇಳ್ದ, ಕೆಸರು ಸೊಂಟಕ್ಕೆ ಬಂತು, ಆಮೇಲೆ ಎದೆಗೆ, ಹಗ್ಗ ಎಸೆದ್ವಿ — ಅವಳು ಅವನ ಮುಖಕ್ಕೇ ಬಾಗಿಲು ಹಾಕಿದಳು, ಅವನು ಬಾಗಿಲಾಚೆಯಿಂದ ಇನ್ನೂ ಹೇಳುತ್ತಲೇ ಇದ್ದ, ನಿಮ್ಮನ್ನೇ ಕೂಗ್ತಿದ್ದ, ಕಡೇವರ್ಗೂ ನಿಮ್ಮನ್ನೇ. ಆಮೇಲೆ ಗೇಟು ಕಿರ್ರೆಂದಿತು, ಅವಳು ಆಲೂಗಡ್ಡೆ ಹೆರೆಯಲು ಕೂತಳು.

ಜರ್ಮನ್ನರು ಕೊಂದರಂತೆ, ಕೆಸರು ಕೊಂದಿತಂತೆ, ಯಾರಿಗೆ ಹೇಳುತ್ತೀರಿ, ಕೊಂದ ಕೈ ಇದೇ ಕೈ, ಜಪಸರ ಹಿಡಿದುಕೊಂಡು ಈಗ ಸಾಧುವಿನ ಹಾಗೆ ಮಡಿಲಲ್ಲಿ ಬಿದ್ದಿದೆ ನೋಡಿ — ಹೋದ ವರ್ಷ ಇದೇ ನವೆಂಬರ್, ದೊಡ್ಡ ಮಗ ಬಾರ್ಟ್ಲಿ ಆಗ ವೇಲ್ಸಿನ ಜೈಲಿನಲ್ಲಿ, ಇಂಗ್ಲಿಷರ ವಿರುದ್ಧದ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದನೆಂದು ಕೈಗೆ ಬೇಡಿ ಹಾಕಿ ಎಳೆದೊಯ್ದಿದ್ದರು, ಹಾಗೆ ಎಳೆದೊಯ್ದವರ ಅದೇ ಖಾಕಿ ತೊಟ್ಟುಕೊಂಡು ಚಿಕ್ಕವನು ಕೋಲ್ಮನ್ ರಜೆಗೆ ಬಂದ, ನಗುತ್ತ, ಅಮ್ಮಾ ನಾನು ಕುದುರೆ ನೋಡ್ಕೋಳೋನು ಕಣೆ, ಯಾರಿಗೂ ಗುಂಡು ಹೊಡ್ದೋನಲ್ಲ, ಹನ್ನಾ ಕಿಲ್ಕೆಲಿ ರಸ್ತೆ ದಾಟಿ ಬಂದು ಅವನ ಬೂಟಿನ ಮೇಲೆ ಉಗಿದು ಹೋದಳು, ಮೂರು ದಿನ ಊರಿನವರು ಯಾರೂ ಒಲೆಯ ಬಳಿ ಬಂದು ಕೂರಲಿಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದಂತೆ, ಅವಳಿಗೆ ಆ ವಾರ ಅದು ಹೆಗ್ಗಣವಾಗಿಯೇ ಕಂಡಿತು. ಬದುಕಿದ್ದವನ ಹೆಸರನ್ನು ಸತ್ತವರ ಪಟ್ಟಿಯಲ್ಲಿ ಓದಿದರೆ ವರ್ಷದೊಳಗೆ ಅವನು ಮಣ್ಣು ಸೇರುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು, ಡೀಲಿಯಾಳಿಗೆ ಗೊತ್ತಿತ್ತು, ಗೊತ್ತಿದ್ದೇ ಬರೆದಳು, ದುಂಡಗೆ, ತಪ್ಪಿಲ್ಲದೆ, ಪೀಟರ್ ಫಾಹಿ, ಮಾರ್ಟಿನ್ ಫಾಹಿ, ಆನ್ ಫಾಹಿ, ಕೋಲ್ಮನ್ ಫಾಹಿ. ಗುರುಗಳು ಓದಿದರು, ಓದಿದ ಮೇಲೆ ತಡವರಿಸಿದರು, ಗಂಡಸರ ಕಡೆ ಮೂರನೆಯ ಬೆಂಚಿನಲ್ಲಿ ಅವನು ಕೂತಿದ್ದಾನೆ, ಹೆಂಗಸರ ಕಡೆಯಿಂದ ಅವಳಿಗೆ ಕಾಣುವುದು ಸೈನ್ಯದ ಕ್ಷೌರಿಕ ಬೋಳಿಸಿದ ಕತ್ತು, ಒಂದು ಕಿವಿ, ಆ ಕಿವಿ ಕೆಂಪಾಯಿತು, ತುದಿಯಿಂದ ಕೆಳಕ್ಕೆ ಇಳಿಯುತ್ತ, ಇಡೀ ಊರು ತಿರುಗಿ ನೋಡಿದರೂ ಅವನು ತಿರುಗಲಿಲ್ಲ, ಎಲ್ಲರ ಜೊತೆ ಗಟ್ಟಿಯಾಗಿ ತನ್ನದೇ ಆತ್ಮಶಾಂತಿಗೆ ಆಮೆನ್ ಅಂದ. ಮನೆಗೆ ಬಂದು, ಸತ್ತೋನಿಗೆ ಊಟ ಇದ್ಯೋ ಇಲ್ವೋ ಅಮ್ಮಾ, ತಮಾಷೆ ಮಾಡಿದ, ಪಾಪಿ, ತಮಾಷೆಯನ್ನೇ ಮಾಡಿದ, ಅವಳು ತಟ್ಟೆ ಇಡಲಿಲ್ಲ, ಸತ್ತೋರಿಗೆ ಹಸಿವಿರಲ್ಲ ಅಂದಳು — ಅಯ್ಯೋ ನನ್ನ ನಾಲಿಗೆಯೇ, ನೀನು ಸೀದುಹೋಗಬಾರದಿತ್ತೇ! — ಅವನು ಮಧ್ಯಾಹ್ನದ ರೈಲಿಗೆ ಹೊರಟ, ಬಾಗಿಲಲ್ಲಿ ತಲೆಗೆ ತೀರ್ಥ ಚಿಮುಕಿಸಲಿ ಎಂದು ಒಂದು ಗಳಿಗೆ ಬಗ್ಗಿ ನಿಂತ, ಕಿವಿ ಇನ್ನೂ ಕೆಂಪಗೇ ಇತ್ತು, ಅವಳು ಬೂದಿ ಗೋರುತ್ತಿದ್ದಳು. ಬರೆದು ಕೊಂದವಳು ಬರೆಯದೆ ಬದುಕಿಸಬಾರದೇ, ಅಷ್ಟೇ ಅವಳ ಲೆಕ್ಕ, ಈ ವರ್ಷ ಆ ಹೆಸರು ಪೀಠದಿಂದ ಕೇಳಿಸದಿದ್ದರೆ ಅವನು ಎಲ್ಲೋ ಯಾವುದೋ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ, ಒಂದು ಕಾಗದ ಬರುತ್ತದೆ.

ಕೆಮ್ಮು ನಿಂತಿತು. ಡೋನೆಲನ್ ಮನೆಯವರು ಮುಗಿದರು, ಈಗ ನೀಲಿ ಹಾಳೆ, ಪೀಟರ್ ಫಾಹಿ, ಮಾರ್ಟಿನ್ ಫಾಹಿ, ಆನ್ ಫಾಹಿ, ಗುರುಗಳು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡುತ್ತಾರೆ, ಇಲ್ಲ, ಅಲ್ಲೂ ಇಲ್ಲ, ಕನ್ನಡಕದ ಮೇಲಿಂದ ಅವಳನ್ನು ಹುಡುಕುತ್ತಾರೆ, ಎಲ್ಲರಿಗೂ ಥೇಡಿ ಹೇಳಿದ್ದು ಗೊತ್ತು, ಸಾಬೀನಾ ಮುಖ ಮುಚ್ಚಿಕೊಂಡಳು, ಮುಂದಿನ ಲಕೋಟೆ, ಆಯಿತು, ಓದಲಿಲ್ಲ, ಬದುಕಿದ ನನ್ನ ಮಗ, ಬದುಕಿದ — ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಬಂದು ಅವಳ ಭುಜ ಹಿಸುಕಿತು, ಹನ್ನಾ ಕಿಲ್ಕೆಲಿಯ ಬಿಸಿಯುಸಿರು, ಭೇಷ್ ಡೀಲಿಯಾ, ಗಂಡೆದೆ ಕಣೇ ನಿಂದು, ಆ ರಾಜನ ನಾಯಿಗೆ ಒಂದು ಪ್ರಾರ್ಥನೇನೂ ಸಿಗ್ದಂಗೆ ಮಾಡ್ದೆ. ಅಲ್ಲ, ಹಾಗಲ್ಲ ಹನ್ನಾ, ಎದ್ದು ನಿಂತು ಕೂಗಬೇಕು, ಹಾಗಲ್ಲ, ನನ್ನ ಕೂಸು ಅದು, ಆದರೆ ಆಚೆ ಬಾರ್ಟ್ಲಿ ಕೂತಿದ್ದಾನೆ, ಜೈಲಿಂದ ಬಂದವನಿಗೆ ಊರೇ ಸರಿದು ಜಾಗ ಕೊಟ್ಟಿದೆ, ಅವನೂ ತಿರುಗಿ ನೋಡುತ್ತಾನೆ, ತಲೆದೂಗುತ್ತಾನೆ, ಶಾಬಾಶ್ ಅಮ್ಮಾ ಎನ್ನುವ ಹಾಗೆ, ಆಚೀಚೆಯ ಹೆಂಗಸರೂ ತಲೆದೂಗುತ್ತಾರೆ, ವರ್ಷದ ಮೇಲೆ ಮೊದಲ ಸಲ ಅವಳತ್ತ ನಗುತ್ತಾರೆ, ಅವಳು ಬಾಯಿ ತೆರೆದಳು, ಹೂಂ ಅಂದಳು, ಅಂದೇಬಿಟ್ಟಳು, ಹೂಂ ಹನ್ನಾ — ಮೂರನೆಯ ಬೆಂಚು, ಹೋದ ವರ್ಷದ ಅದೇ ಬೋಳಿಸಿದ ಕತ್ತು, ಕಿವಿ, ಕೆಂಪಾಗುತ್ತಿದೆ, ತುದಿಯಿಂದ ಕೆಳಕ್ಕೆ, ತಿರುಗಬೇಡ ಮಗನೇ, ತಿರುಗಬೇಡ, ಆ ಕಿವಿ, ಕೆಂಪಗೆ, ಆ ಕಿವಿ —