ಗಿರಣಿ ವೆಂಕಮ್ಮ

ಧರ್ಮೇಶ ಒಂದು ಕಡೆ, ವಾಸಪ್ಪ ಇನ್ನೊಂದು ಕಡೆ ಹಿಡಿದು ತೂಕದ ಯಂತ್ರವನ್ನು ಜಗಲಿಯಿಂದ ಇಳಿಸುತ್ತಿದ್ದರು. ಅದನ್ನು ತೆಗೆಯದೆ ಹೆಣ ಮಲಗಿಸಲು ಜಾಗವಿರಲಿಲ್ಲ. ಶೆಟ್ಟಿಕೊಪ್ಪದ ಆ ಮನೆಯ ಮುಂದಿನ ಅರ್ಧ ಹಿಟ್ಟಿನ ಗಿರಣಿ, ಹಿಂದಿನ ಅರ್ಧ ವಾಸ. ಜಗಲಿ ಎರಡಕ್ಕೂ ಸೇರಿದ್ದು.

"ಮೆಲ್ಲಗೆ ಮಾರಾಯ. ಕಾಲ ಮೇಲೆ ಬಿದ್ರೆ ಇನ್ನೊಂದು ಕೆಲ್ಸ ಆಗ್ತದೆ," ಎಂದರು ವಾಸಪ್ಪ. ತೀರಿಕೊಂಡ ವೆಂಕಮ್ಮನಿಗೆ ಅವರು ತಮ್ಮ. ಧರ್ಮೇಶ ಒಬ್ಬನೇ ಮಗ.

ಬೆಳಿಗ್ಗೆ ಏಳು ಗಂಟೆಗೆ ಗಿರಣಿಯ ಬಾಗಿಲು ತೆಗೆದ ವೆಂಕಮ್ಮ ಸ್ವಿಚ್ ಹಾಕುವ ಮೊದಲು ಸ್ಟೂಲಿನ ಮೇಲೆ ಕೂತಿದ್ದರು. ಸೊಸೆ ದಿವ್ಯ ಕಾಫಿ ತಂದಾಗ ಗೋಡೆಗೆ ಒರಗಿಕೊಂಡೇ ಇದ್ದರು. ಎರಡು ಸಲ ಕರೆದ ಮೇಲೆ ದಿವ್ಯ ಲೋಟವನ್ನು ನೆಲಕ್ಕಿಟ್ಟು ಅವರ ಕೈ ಮುಟ್ಟಿ ನೋಡಿದಳು. ಅರವತ್ತೇಳು ವರ್ಷ. ಹಿಂದಿನ ದಿನ ಸಂಜೆವರೆಗೂ ಗೋಧಿ ಬೀಸಿದ್ದರು.

ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದರು. ಗೇಟಿನ ಹತ್ತಿರ ಒಬ್ಬರು ಫೋನಿನಲ್ಲಿ ಹೇಳುತ್ತಿದ್ದರು: "ಹೌದು, ಅದೇ, ಬೆಲ್ಲದ ವೆಂಕಿ. ಬೆಳಿಗ್ಗೆಯಂತೆ." ಒಬ್ಬ ಹೆಂಗಸು ಸೊಂಟದ ಮೇಲಿದ್ದ ಮಗಳಿಗೆ, "ಅಕ್ಕನ ಪಾಠದಲ್ಲಿ ಬರ್ತದಲ್ಲ, ಇರುವೆ ಕಚ್ಚಿ ಕುಣಿಯೋ ವೆಂಕಿ, ಅವ್ರೇ ಇವ್ರು," ಎಂದಳು. ಮಗು ಹೆಣದ ಕಾಲಿನ ಕಡೆ ನೋಡಿತು.

ಸರ್ವಮಂಗಳಾ ಟೀಚರ್ ಬರೆದ ಆ ಕತೆ ಗೊತ್ತಿಲ್ಲದವರು ಆ ಸುತ್ತಿನಲ್ಲಿ ಇರಲಿಲ್ಲ. ಟೀಚರ್ ಬಾಳೆಹೊನ್ನೂರಿನವರು, ನಲವತ್ತು ವರ್ಷ ಮಕ್ಕಳಿಗಾಗಿ ಬರೆದವರು. ಅವರ ಕತೆಗಳಲ್ಲೆಲ್ಲ ಹೆಚ್ಚು ಓಡಿದ್ದು 'ಬೆಲ್ಲದ ವೆಂಕಿ'. ವೆಂಕಿ ಎಂಬ ಹುಡುಗಿ ಜೇನಿನಂತೆ ಸುರಿಯುವ ಜೋನಿಬೆಲ್ಲ ಕದಿಯುತ್ತಾಳೆ, ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾಳೆ, ಮರುದಿನ ಪ್ರಾರ್ಥನೆಯ ಸಾಲಿನಲ್ಲಿ ಇರುವೆಗಳು ಅವಳನ್ನು ಹಿಡಿದುಕೊಡುತ್ತವೆ. ಕತೆ ಮೊದಲು ಪತ್ರಿಕೆಯಲ್ಲಿ ಬಂತು, ಆಮೇಲೆ ಪುಸ್ತಕವಾಯಿತು, ಕೊನೆಗೆ ನಾಲ್ಕನೇ ತರಗತಿಯ ಪಾಠವಾಯಿತು. ಆ ವೆಂಕಿ ಈ ವೆಂಕಮ್ಮನೇ ಎಂಬುದು ಗುಟ್ಟಾಗಿರಲಿಲ್ಲ. ಆರು ವರ್ಷದ ಹಿಂದೆ ಧರ್ಮೇಶ ಗಿರಣಿಗೆ 'ಬೆಲ್ಲದ ವೆಂಕಿ ಫ್ಲೋರ್ ಮಿಲ್' ಎಂದು ಬೋರ್ಡು ಬರೆಸಿದ. ಅವನ ತಾಯಿ ಬೇಡ ಎನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ.

ಯಶವಂತ ಬೈಕು ನಿಲ್ಲಿಸಿ ಒಳಗೆ ಬಂದ. ನರಸಿಂಹರಾಜಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಜಿಲ್ಲೆಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಕೈಮುಗಿದು ಧರ್ಮೇಶನ ಪಕ್ಕ ಬಂದು ನಿಂತ.

"ಅಣ್ಣ, ನಾಲ್ಕು ಗಂಟೆಯೊಳಗೆ ಕಳಿಸ್ಬೇಕು. ಮೊದಲ ಪುಟಕ್ಕೆ ತಗೊಳ್ತೀವಿ ಅಂದಿದಾರೆ. ಒಂದ್ಸಲ ಕೇಳಿ, ತಪ್ಪಿದ್ರೆ ಹೇಳಿ."

"ಸ್ವಲ್ಪ ಹೊತ್ತು ಬಿಟ್ಟು ಓದು," ಎಂದ ಧರ್ಮೇಶ.

ಅಷ್ಟರಲ್ಲಿ ಆಟೋದಿಂದ ಒಬ್ಬ ಹೆಂಗಸು ಇಳಿದಳು. ಬೂದುಬಣ್ಣದ ಹತ್ತಿ ಸೀರೆ, ಕೈಯಲ್ಲಿ ಹೂವಿನ ಹಾರ. ಸರ್ವಮಂಗಳಾ ಟೀಚರ ಮಗಳು ಸುಮನಾ. ಚಿಕ್ಕಮಗಳೂರಿನಲ್ಲಿ ಬ್ಯಾಂಕಿನಿಂದ ನಿವೃತ್ತಳಾದವಳು. ಬೆಳಿಗ್ಗೆ ದಿವ್ಯಳೇ ಅವಳಿಗೆ ಫೋನ್ ಮಾಡಿದ್ದಳು. ಜನ ದಾರಿ ಬಿಟ್ಟರು. ಸುಮನಾ ಹಾರ ಹಾಕಿ ಅಲ್ಲೇ ಕಂಬದ ಬುಡದಲ್ಲಿ ನೆಲದ ಮೇಲೆ ಕೂತಳು. ಯಾರೋ ಕುರ್ಚಿ ತಂದರು. ಅವಳು ಅದರ ಕಡೆ ನೋಡಲಿಲ್ಲ.

*

ಐವತ್ತೇಳು ವರ್ಷದ ಹಿಂದೆ ವೆಂಕಿಗೆ ಹತ್ತು ವರ್ಷ, ಸುಮನಾಗೆ ಎಂಟು. ಬಾಳೆಹೊನ್ನೂರಿನಲ್ಲಿ ಅವರ ಮನೆಗಳು ಅಕ್ಕಪಕ್ಕ. ಸಂಜೆ ದೀಪ ಹಚ್ಚಿದ ಮೇಲೆ ವೆಂಕಿ ಸ್ಲೇಟು ಹಿಡಿದು ಟೀಚರ ಮನೆಗೆ ಬರುತ್ತಿದ್ದಳು. ಓದಿನಲ್ಲಿ ಚುರುಕು. ಟೀಚರ ಮೇಜಿನ ಮೇಲೆ ಒಂದು ಗ್ಲೋಬು ಇತ್ತು. ಅದನ್ನು ತಿರುಗಿಸಬೇಕೆಂದು ವೆಂಕಿಗೆ ಬಹಳ ಆಸೆ. "ಐದನೇ ಕ್ಲಾಸಿಗೆ ಬಾ. ಆಮೇಲೆ ನಾನೇ ಕೈಗೆ ಕೊಡ್ತೀನಿ," ಎಂದು ಟೀಚರ್ ಹೇಳಿದ್ದರು.

ಒಂದು ಸಂಜೆ ಸುಮನಾ ಉಗ್ರಾಣಕ್ಕೆ ನುಗ್ಗಿ ಜೋನಿಬೆಲ್ಲದ ಭರಣಿಗೆ ಮಣಿಕಟ್ಟಿನವರೆಗೂ ಕೈ ಹಾಕಿದಳು. ತಾಯಿಯ ಹೆಜ್ಜೆಯ ಸದ್ದು ಕೇಳಿತು. ಓಡಿ ಬಂದು ವೆಂಕಿಯ ಪಕ್ಕ ಕೂತು, ಕೈಯನ್ನು ಅವಳ ಲಂಗದ ಹಿಂಭಾಗಕ್ಕೆ ಒರೆಸಿದಳು. ಬಟ್ಟೆ ಒದ್ದೆಯಾದದ್ದು ವೆಂಕಿಗೆ ತಿಳಿಯಿತು. ತಿರುಗಿ ನೋಡಿದಳು. ಸುಮನಾ ಕಣ್ಣು ಬಾಗಿಲ ಮೇಲಿಟ್ಟು ಕೂತಿದ್ದಳು. ವೆಂಕಿ ಏಳರ ಮಗ್ಗಿ ಬರೆಯುವುದನ್ನು ಮುಂದುವರಿಸಿದಳು.

ಅವಳಿಗಿದ್ದದ್ದು ಎರಡು ಲಂಗ. ಇನ್ನೊಂದು ಒಣಗಿರಲಿಲ್ಲ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಕೆಂಪಿರುವೆಗಳು ಕಾಲಿನಿಂದ ಮೇಲಕ್ಕೆ ಹತ್ತಿದವು. ವೆಂಕಿ ಕುಣಿದಳು. ಶಾಲೆಗೆ ಶಾಲೆಯೇ ನಕ್ಕಿತು. ಟೀಚರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಬೆಲ್ಲ ಕದ್ದೆಯೇನೇ, ವೆಂಕಿ?" ಎಂದು ಕೇಳಿದರು. ಗದರಿಸಲಿಲ್ಲ, ಹೊಡೆಯಲಿಲ್ಲ. ವೆಂಕಿ ಎರಡನೇ ಕ್ಲಾಸಿನ ಸಾಲಿನ ಕಡೆ ನೋಡಿದಳು. ಸುಮನಾ ತಲೆ ಬಗ್ಗಿಸಿ ನಿಂತಿದ್ದಳು. ವೆಂಕಿ ಏನೂ ಹೇಳಲಿಲ್ಲ. ಆ ವಾರವೇ ಟೀಚರ್ ಕತೆ ಬರೆದರು.

ಪುಸ್ತಕ ಬಂದಾಗ ವೆಂಕಿ ಐದನೇ ಕ್ಲಾಸಿಗೆ ಬೇರೆ ಶಾಲೆ ಸೇರಿದ್ದಳು. ಅಲ್ಲಿನ ಮೇಷ್ಟರು ಅದನ್ನು ಗಟ್ಟಿಯಾಗಿ ಓದಿಸಿದರು. ಆಮೇಲೆ ದಿನವೂ ಅವಳ ಚೀಲದೊಳಗೆ ಯಾರಾದರೂ ಇರುವೆ ಬಿಡುತ್ತಿದ್ದರು. ಒಂದು ತಿಂಗಳಾದ ಮೇಲೆ ಅವಳು ಶಾಲೆಗೆ ಹೋಗುವುದಿಲ್ಲ ಎಂದಳು. ಅಪ್ಪ, ಸರಿ, ಗದ್ದೆಗೆ ಬಾ ಎಂದರು. ಟೀಚರ್ ಪುಸ್ತಕದ ಮೊದಲ ಪುಟದಲ್ಲಿ 'ಪ್ರೀತಿಯ ವೆಂಕಿಗೆ' ಎಂದು ಬರೆದು ಮನೆಗೇ ತಂದುಕೊಟ್ಟರು. ಶಾಲೆ ಯಾಕೆ ಬಿಟ್ಟೆ ಎಂದು ತುಂಬ ಕೇಳಿದರು. ಕಾರಣ ತಮ್ಮ ಕೈಯಲ್ಲೇ ಇದೆಯೆಂದು ಅವರಿಗೆ ಹೊಳೆಯಲಿಲ್ಲ.

*

ಟೀಚರ್ ತೀರಿಕೊಂಡ ಮರುವರ್ಷ ಅವರ ಮಕ್ಕಳು ಮನೆ ಮಾರುವ ಮೊದಲು ಸಾಮಾನುಗಳನ್ನು ಹರಾಜು ಹಾಕಿದರು. ಬಂದ ಹಣ ಶಾಲೆಯ ಲೈಬ್ರರಿಗೆ ಎಂದು ಕರಪತ್ರದಲ್ಲಿತ್ತು. ಗಿರಣಿಗೆ ಬಂದವರು ಯಾರೋ ಒಂದು ಕರಪತ್ರ ಬಿಟ್ಟುಹೋಗಿದ್ದರು. ವೆಂಕಮ್ಮ ಅದನ್ನು ಎರಡು ಸಲ ಓದಿದರು.

"ಒಂದ್ಸಲ ಹೋಗಿ ನೋಡ್ಕಂಡು ಬರಣ," ಎಂದು ದಿವ್ಯಳನ್ನು ಕರೆದುಕೊಂಡು ಬಸ್ಸು ಹತ್ತಿದರು.

ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಟೀಚರ ಕನ್ನಡಕ, ಪೆನ್ನು, ಬೆತ್ತದ ಕುರ್ಚಿ, ಹಿತ್ತಾಳೆ ಪಾತ್ರೆ, ಹೊಲಿಗೆ ಯಂತ್ರ, ಗಂಡನ ಕೊಡೆ, ಎಲ್ಲಕ್ಕೂ ನಂಬರಿನ ಚೀಟಿ ಅಂಟಿಸಿ ಬೆಂಚಿನ ಮೇಲೆ ಜೋಡಿಸಿದ್ದರು. ಸವಾಲು ಕೂಗುವವರು ರೇಣುಕಾಪ್ರಸಾದ್. ಅಡಿಕೆ ವ್ಯಾಪಾರದವರು, ಗಂಟಲು ದೊಡ್ಡದು. ಟೀಚರ ಮಗ ಶಶಿಕಿರಣ್ ಗುಂಪಿನಲ್ಲಿ ವೆಂಕಮ್ಮನನ್ನು ಕಂಡವರೇ ಮೈಕಿನಲ್ಲಿ, "ನಮ್ಮ ಬೆಲ್ಲದ ವೆಂಕಿ ಬಂದಿದಾರೆ," ಎಂದರು. ಜನ ಚಪ್ಪಾಳೆ ತಟ್ಟಿ ಅವರನ್ನು ಮುಂದಕ್ಕೆ ಕೂರಿಸಿದರು.

ರೇಣುಕಾಪ್ರಸಾದ್ ಬೆಲ್ಲದ ಭರಣಿಯನ್ನು ಎತ್ತಿ ಹಿಡಿದರು. "ಇದಕ್ಕೆ ಯಾರೂ ಸವಾಲು ಹಾಕ್ಬೇಡಿ. ಇದು ಅವ್ರಿಗೇ ಸೇರ್ಬೇಕು. ನೂರು ರೂಪಾಯಿ ಅನ್ನಿ ವೆಂಕಮ್ಮ, ಮುಗೀತು."

ಎಲ್ಲರೂ ನಗುತ್ತ ಕಾದರು.

"ನಂಗೆ ಬ್ಯಾಡ," ಎಂದರು ವೆಂಕಮ್ಮ.

"ನೆನಪಿಗೆ ಇರ್ಲಿ ಅಮ್ಮ."

"ಬ್ಯಾಡ. ಬೇರೆಯವ್ರಿಗೆ ಕೊಡಿ."

ಭರಣಿ ಶೃಂಗೇರಿ ರಸ್ತೆಯಲ್ಲಿ ಹೋಂಸ್ಟೇ ನಡೆಸುವವರೊಬ್ಬರಿಗೆ ಒಳ್ಳೆಯ ಬೆಲೆಗೆ ಹೋಯಿತು. ಕೊನೆಕೊನೆಗೆ ಗ್ಲೋಬು ಬಂತು. ಸ್ಟ್ಯಾಂಡು ತುಕ್ಕು ಹಿಡಿದಿತ್ತು. ವೆಂಕಮ್ಮ ಕೈ ಎತ್ತಿದರು. ಬೇರೆ ಯಾರೂ ಎತ್ತಲಿಲ್ಲ.

"ಬಹಳ ಹಳೇದು ಅಮ್ಮ. ಇದ್ರಲ್ಲಿರೋ ಎಷ್ಟೋ ದೇಶ ಈಗ ಇಲ್ಲ," ಎಂದರು ರೇಣುಕಾಪ್ರಸಾದ್.

"ಇರ್ಲಿ. ಕೊಡಿ."

ಶಶಿಕಿರಣ್ ವೆಂಕಮ್ಮನ ಕೈಗೆ ಮೈಕು ಕೊಟ್ಟು, ಟೀಚರ ಬಗ್ಗೆ ಎರಡು ಮಾತು ಆಡಿ ಎಂದರು. ಎದುರಿನ ಸಾಲಿನಲ್ಲಿ ಸುಮನಾ ಕೂತಿದ್ದಳು. ವ್ಯಾನಿಟಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ವೆಂಕಮ್ಮ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು.

"ಟೀಚರ್ ನಂಗೆ ಅಕ್ಷರ ಕಲ್ಸಿದ್ರು. ಗಿರಣಿಗೆ ಬರೋ ಡಬ್ಬದ ಮೇಲೆ ಹೆಸ್ರು ಬರಿಯಕ್ಕೆ ಅಷ್ಟು ಸಾಕಾಯ್ತು," ಎಂದು ಮೈಕು ವಾಪಸು ಕೊಟ್ಟರು. ತಮಾಷೆಯೆಂದು ತಿಳಿದು ಜನ ಮತ್ತೆ ಚಪ್ಪಾಳೆ ತಟ್ಟಿದರು.

*

ಹನ್ನೆರಡಕ್ಕೆ ಚಟ್ಟ ಕಟ್ಟಿ ಮುಗಿಯಿತು. ಹತ್ತಿರದವರು ಒಬ್ಬೊಬ್ಬರಾಗಿ ಬಂದು ಬಾಯಿಗೆ ತುಳಸಿ ನೀರು ಬಿಟ್ಟರು. ಯಶವಂತ ಮತ್ತೆ ಫೋನು ಹಿಡಿದು ಬಂದ.

"ಓದ್ಲಾ ಅಣ್ಣ? 'ಮಕ್ಕಳ ಮೆಚ್ಚಿನ ಬೆಲ್ಲದ ವೆಂಕಿ ಇನ್ನಿಲ್ಲ. ಬಾಲ್ಯದಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದು, ಮೂರು ತಲೆಮಾರಿನ ಮಕ್ಕಳನ್ನು ನಗಿಸಿದ...'"

"ಅವಳು ಕದ್ದಿರಲಿಲ್ಲ," ಎಂದಳು ಸುಮನಾ. ಕಂಬದ ಬುಡದಿಂದ ಎದ್ದು ನಿಂತಿದ್ದಳು. "ಕದ್ದಿದ್ದು ನಾನು. ಅವಳ ಲಂಗಕ್ಕೆ ಕೈ ಒರೆಸಿದ್ದೂ ನಾನೇ. ಅದನ್ನ ಬರೀರಿ."

ಯಶವಂತ ಓದುವುದನ್ನು ನಿಲ್ಲಿಸಿದ.

"ಟೀಚರಿಗೆ ಗೊತ್ತಿತ್ತಾ?" ಎಂದು ವಾಸಪ್ಪ ಕೇಳಿದರು.

"ಇಲ್ಲ. ಹೇಳ್ಬೇಕು ಹೇಳ್ಬೇಕು ಅಂತಿದ್ದೆ. ಅಮ್ಮನಿಗೆ ಆ ಕತೆ ಅಂದ್ರೆ ಬಹಳ ಇಷ್ಟ. ಅಮ್ಮ ಹೋದ ಮೇಲೆ ಹೇಳೋಣ ಅಂದ್ಕೊಂಡೆ. ಹರಾಜಿನ ದಿನಾನೂ ಆಗ್ಲಿಲ್ಲ."

ವಾಸಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿದರು. "ಆವತ್ತು ನಾನು ಒಂದನೇ ಕ್ಲಾಸು. ಎಲ್ರಿಗಿಂತ ಜಾಸ್ತಿ ನಕ್ಕಿದ್ದು ನಾನೇ. ಅಕ್ಕನ ಮದ್ವೆ ಚಪ್ಪರದಲ್ಲೂ ಬೆಲ್ಲದ ವೆಂಕಿ ಅಂತ ಕರ್ದಿದ್ದೆ."

ಯಶವಂತ ಧರ್ಮೇಶನ ಮುಖ ನೋಡಿದ. "ಅಣ್ಣ, ಹೀಗಿದ್ರೆ ಇನ್ನೂ ದೊಡ್ಡ ಸುದ್ದಿ. ಮೇಡಂ ಹೇಳಿದ್ನ ಹಾಗೇ ಹಾಕ್ಲಾ?"

"ಹಾಕಿ. ನನ್ನ ಹೆಸರು ಹಾಕಿ, ಫೋಟೋನೂ ಹಾಕಿ," ಎಂದಳು ಸುಮನಾ.

ಧರ್ಮೇಶ ತಾಯಿಯ ತಲೆಯ ಹತ್ತಿರ ಕೂತಿದ್ದ. ಸಣ್ಣವನಿದ್ದಾಗ ಅವನೂ ತರಗತಿಯಲ್ಲಿ ಎದ್ದು ನಿಂತು, ಈ ಪಾಠದ ವೆಂಕಿ ನಮ್ಮವ್ವ ಎಂದು ಹೇಳಿದ್ದ. ಆ ದಿನ ಮನೆಗೆ ಬಂದು ಅದನ್ನು ತಿಳಿಸಿದಾಗ ಅವ್ವ ಕೈ ತೊಳೆದುಕೊಂಡು ಬಾ, ಊಟ ಮಾಡು ಎಂದಿದ್ದರು. ಅಷ್ಟೇ.

"ನಿಮ್ಮ ಹೆಸರೂ ಬ್ಯಾಡ, ಬೆಲ್ಲದ ಸುದ್ದೀನೂ ಬ್ಯಾಡ," ಎಂದ ಅವನು. "ಗಿರಣಿ ವೆಂಕಮ್ಮ ಅಂತ ಬರಿ, ಯಶವಂತ. ಅರವತ್ತೇಳು ವರ್ಷ. ಮಗ, ಸೊಸೆ, ತಮ್ಮ ಇದಾರೆ."

"ಹಾಗಾದ್ರೆ ಒಳಗಿನ ಪುಟಕ್ಕೆ ಹೋಗ್ತದೆ ಅಣ್ಣ. ಎರಡು ಸಾಲು ಬಂದ್ರೆ ಹೆಚ್ಚು."

"ಹೋಗ್ಲಿ."

"ನಾನು ಹೇಳಿದ್ದು ಸತ್ಯ, ಧರ್ಮೇಶ್. ಜನಕ್ಕೆ ಗೊತ್ತಾಗ್ಬೇಕು," ಎಂದಳು ಸುಮನಾ.

"ಸುಳ್ಳು ಅಂತ ನಾನೆಲ್ಲಿ ಹೇಳ್ದೆ? ನಾಳೆ ನಿಮ್ಮ ಫೋಟೋ ಬಂದ್ರೆ ಎಲ್ರೂ ನಿಮ್ಮ ಮಾತೇ ಆಡ್ತಾರೆ. ನಾಳೆ ಒಂದಿನ ಅವ್ವನ ಹೆಸರು ಅವ್ವನದ್ದೇ ಇರ್ಲಿ."

ಅವನ ದನಿ ಏರಲಿಲ್ಲ. ಸುಮನಾ ಹಿಂದಕ್ಕೆ ಸರಿದು ನಿಂತಳು. ನಾಲ್ಕು ಜನ ಚಟ್ಟಕ್ಕೆ ಹೆಗಲು ಕೊಟ್ಟರು. ಮುಂದೆ ಧರ್ಮೇಶ ಬೆಂಕಿಯ ಮಡಕೆ ಹಿಡಿದು ಹಳ್ಳದ ದಾರಿ ಇಳಿದ. ಗಂಡಸರೆಲ್ಲ ಹಿಂದೆ ಹೋದರು.

ಹೆಂಗಸರು ಮನೆ ತೊಳೆಯಲು ಸೀರೆ ಎತ್ತಿ ಕಟ್ಟಿದರು. ದಿವ್ಯ ಬಾವಿಯಿಂದ ನೀರು ಸೇದುತ್ತಿದ್ದಾಗ ಸುಮನಾ ಹತ್ತಿರ ಬಂದಳು.

"ನಿನಗೆ ಮೊದಲೇ ಗೊತ್ತಿತ್ತು ಅಲ್ವಾ? ನಾನು ಹೇಳಿದಾಗ ನಿನ್ನ ಮುಖದಲ್ಲಿ ಆಶ್ಚರ್ಯವೇ ಇರ್ಲಿಲ್ಲ."

"ಹರಾಜಿನ ದಿನ ಬಸ್ಸಲ್ಲಿ ವಾಪಸು ಬರ್ತಾ ಹೇಳಿದ್ರು. ಗ್ಲೋಬು ತೊಡೆ ಮೇಲಿಟ್ಕಂಡು ತಿರುಗಿಸ್ತಾ ಹೇಳಿದ್ರು. ನಾನು, ಅಲ್ಲ ಅತ್ತೆ, ಮೈಕು ಕೈಯಲ್ಲೇ ಇತ್ತಲ್ಲ, ಅಲ್ಲೇ ಹೇಳದಲ್ವಾ ಅಂದೆ."

"ಅದಕ್ಕೆ ಎಂತ ಅಂದ್ರು?"

ದಿವ್ಯ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟಳು. "'ಆ ಹುಡುಗಿ ಎದ್ರಿಗೇ ಕೂತಿತ್ತಲ್ಲೆ. ಅಷ್ಟು ಜನ ಒಟ್ಟಿಗೆ ಒಬ್ಬಳನ್ನ ನೋಡಿ ನಕ್ಕರೆ ಹೆಂಗಿರ್ತದೆ ಅಂತ ನಂಗೆ ಗೊತ್ತುಂಟು' ಅಂದ್ರು."

ಸುಮನಾ ವಾಚು ಬಿಚ್ಚಿ ಕಟ್ಟೆಯ ಮೇಲಿಟ್ಟಳು. ತುಂಬಿದ ಕೊಡವನ್ನು ಎತ್ತಿಕೊಂಡಳು.

"ಮೇಡಂ, ನೀವು ಬ್ಯಾಡ," ಎಂದು ಇಬ್ಬರು ಮೂವರು ಮುಂದೆ ಬಂದರು. ದಿವ್ಯ ತಲೆಯಾಡಿಸಿ ಅವರನ್ನು ತಡೆದಳು.

ಸುಮನಾ ಹೆಣವಿದ್ದ ಜಾಗಕ್ಕೆ ನೀರು ಸುರಿದು, ಕಡ್ಡಿಪೊರಕೆ ತೆಗೆದುಕೊಂಡು ಬಗ್ಗಿ ತಿಕ್ಕಿದಳು. ಕಲ್ಲುಗಳ ಸಂದಿಯಲ್ಲಿ ವರ್ಷಗಳಿಂದ ಕೂತಿದ್ದ ಹಿಟ್ಟು ನೆನೆದು ಮೇಲೆದ್ದಿತು. ನೀರು ಹಾಲಿನಂತೆ ಬಿಳಿಯಾಗಿ ಮೆಟ್ಟಿಲಿಳಿದು ಅಂಗಳಕ್ಕೆ ಹರಿಯಿತು. ಎರಡನೇ ಕೊಡಕ್ಕೂ ಹಾಗೆಯೇ. ಅವಳು ನಿಂತು ಉಸಿರು ತೆಗೆದುಕೊಂಡು ಮತ್ತೆ ಬಾವಿಗೆ ಹೋದಳು. ನಾಲ್ಕನೇ ಕೊಡ ಸುರಿದಾಗಲೂ ನೀರು ಬೆಳ್ಳಗೇ ಬರುತ್ತಿತ್ತು.