ಮುನಿಯಕ್ಕ ಕೂತ ಕಮೋಡು

ಹುಡುಗ ಹಾಲ್‌ನಲ್ಲೇ ಹೇತಿದ್ದ. ಬಿಳಿ ಟೈಲ್ಸಿನ ಮೇಲೆ, ಸೋಫಾದ ಕಾಲಿನ ಪಕ್ಕ, ಹಳದಿ ಮುದ್ದೆ. ಅದರಾಚೆ ಮಕ್ಕಳು ಕಕ್ಕಸಿಗೆ ಕೂರುವ ಆನೆಮೂತಿಯ ಪ್ಲಾಸ್ಟಿಕ್ ಪಾಟಿ ಒಣಗಿಕೊಂಡು ಕೂತಿತ್ತು.

"ಛೀ, ಪ್ರಮಥ್! ಮುನಿಯಕ್ಕಾ, ಬೇಗ ಬನ್ನಿ, ನಂಗೆ ಮೀಟಿಂಗ್ ಇದೆ!"

ನಿವೇದಿತಾ ಮೂಗು ಮುಚ್ಚಿಕೊಂಡು, ಲ್ಯಾಪ್‌ಟಾಪ್ ಎತ್ತಿಕೊಂಡು ರೂಮಿಗೆ ಓಡಿದಳು. ಹೆತ್ತವಳು ಓಡಿದಳು. ಕೆಲಸದ ಮುನಿಯಕ್ಕ ಹಳೇ ಪೇಪರಿನಲ್ಲಿ ಬಾಚಿದಳು.

ಸೋಮವಾರದಿಂದ ಪ್ಲೇಸ್ಕೂಲು. ಡೈಪರ್ ಹಾಕಿದ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ಹುಡುಗನಿಗೆ ಕಲಿಸಬೇಕು, ಇಲ್ಲದಿದ್ದರೆ ಬೇರೆ ಯಾರನ್ನಾದರೂ ನೋಡ್ಕೋತೀವಿ ಅಂತ ನಿವೇದಿತಾ ನಗುನಗುತ್ತಲೇ ಹೇಳಿದ್ದಳು.

ಮುನಿಯಕ್ಕನಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಮಗುವನ್ನು ಕೂರಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು "ಸ್ಸ್ಸ್ಸ್" ಅನ್ನುವುದು. ಹುಡುಗ ಕಿಲಕಿಲ ನಗುತ್ತಿದ್ದ. ಉಚ್ಚೆ ಒತ್ತಿ ಬರುತ್ತಿದ್ದುದು ಮುನಿಯಕ್ಕನಿಗೆ. ದೊಡ್ಡನೆಕ್ಕುಂದಿಯ ಹಳೇ ಊರಿನ ಮನೆಯಿಂದ ಬೆಳಗ್ಗೆ ಹೊರಟಾಗಿನಿಂದ ಕಟ್ಟಿಕೊಂಡದ್ದು. ಒಂದೊಂದು "ಸ್ಸ್ಸ್"ಗೂ ಕಿಬ್ಬೊಟ್ಟೆಯಲ್ಲಿ ಬೆಂಕಿ.

ಈ ಮನೆಯಲ್ಲಿ ಬಾತ್‌ರೂಮಿಗೇನೂ ಬರವಿಲ್ಲ. ಎಲ್ಲವನ್ನೂ ತಿಕ್ಕುವವಳು ಅವಳು. ಒಂದರಲ್ಲೂ ಕೂರುವ ಹಾಗಿಲ್ಲ. ಕೆಲಸದವರದ್ದು ಬೇಸ್‌ಮೆಂಟಿನಲ್ಲಿ. ನೀರಿಲ್ಲ, ಚಿಲಕವಿಲ್ಲ, ಬಾಗಿಲು ತಳ್ಳಿದರೆ ಸಾಕು, ವಾಂತಿ. ಅವಳು ಹುಡುಗಿಯಾಗಿದ್ದಾಗ ಈ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲೇ ಪೊದೆ ಮರೆಗೆ ಕೂರುತ್ತಿದ್ದಳು. ಆಗ ಹಾವಿನ ಭಯ, ಅಷ್ಟೆ.

ಹೋದ ತಿಂಗಳು ಉಚ್ಚೆಯಲ್ಲಿ ರಕ್ತ ಬಂದಿತ್ತು. "ನೀರು ಜಾಸ್ತಿ ಕುಡೀಬೇಕಮ್ಮ" ಅಂದರು ಡಾಕ್ಟರು. ಕುಡಿದು ಎಲ್ಲಿ ಬಿಡುವುದು?

ನಿವೇದಿತಾಳ ಅತ್ತೆ ಲಕ್ಷ್ಮವ್ವನನ್ನು ಒಮ್ಮೆ ಕೇಳಿಯೂ ಇದ್ದಳು. "ಅಮ್ಮಾ, ತಡಕಳಕ್ಕಾಯ್ತಿಲ್ಲ, ಇಲ್ಲೇ ಓಗ್ಬರ್ಲಾ?"

ಲಕ್ಷ್ಮವ್ವ ಆಗತಾನೇ ಪೂಜೆ ಮುಗಿಸಿ ಎದ್ದಿದ್ದಳು. ಹಣೆಯ ವಿಭೂತಿ ಇನ್ನೂ ಹಸಿ. "ನಾವೇನ್ ಜಾತಿಗೀತಿ ಮಾಡೋ ಮಂದಿ ಅಲ್ಲ ಯವ್ವಾ. ಆದ್ರ ಸ್ವಚ್ಛ ಅಂಬೋದು ಒಂದ್ ಇರ್ತೈತಲ್ಲ?"

ಸ್ವಚ್ಛ! ಮೊಮ್ಮಗನ ಹೇಲು ಬಾಚಿದ ಇದೇ ಕೈ ತಟ್ಟಿದ ರೊಟ್ಟಿ ಈಕೆಯ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

ಶುಕ್ರವಾರ ಹುಡುಗ ಪಾಟಿಯನ್ನು ಬಾತ್‌ರೂಮಿಗೆ ಎಳೆದುಕೊಂಡು ಹೋದ. ಮುನಿಯಕ್ಕನ ಸೆರಗು ಜಗ್ಗಿ ಕಮೋಡು ತೋರಿಸಿದ.

"ಮುನಿ ಕೂತ್ಕೋ. ಅದು ಮುನಿ ಪಾಟಿ."

ಈ ಮನೆಯಲ್ಲಿ ಅವಳಿಗೂ ಮೈಯಿದೆ ಅಂತ ಅಂದುಕೊಂಡವನು ಅವನೊಬ್ಬನೇ. ಅವಳು ಬಾಗಿಲು ಮುಂದೆ ಮಾಡಿದಳು, ಸೀರೆ ಎತ್ತಿ ಕೂತಳು. ಎದುರಿಗೆ ಆನೆಯ ಮೇಲೆ ಕೂತ ಹುಡುಗ ತಾನೇ "ಸ್ಸ್ಸ್" ಅಂದ. ಅವಳು ಬಿಟ್ಟಳು. ಉರಿ ಕಣ್ಣಿಗೂ ನೀರು ತಂದಿತು. ಆ ಸದ್ದಿಗೆ ಹುಡುಗನದೂ ಇಳಿಯಿತು, ಎರಡೂ.

"ಮುನಿ ಸುಸ್ಸು! ನಾನೂ ಸುಸ್ಸು!" ಬರಿಮೈಯಲ್ಲಿ ಕೂಗುತ್ತಾ ಓಡಿದ.

ಲಕ್ಷ್ಮವ್ವ ಎತ್ತಿ ಮುದ್ದಿಟ್ಟಳು. "ನನ್ನ ರಾಜಾ! ಕಲತ ನೋಡ..." ಅನ್ನುತ್ತಿದ್ದವಳ ಮುಖ, 'ಮುನಿ ಸುಸ್ಸು' ಏನೆಂದು ಹೊಳೆದು, ಮಾತಿನ ನಡುವೆಯೇ ಕಿವುಚಿಕೊಂಡಿತು.

ಹೆಡ್‌ಫೋನ್ ಕೊರಳಿಗಿಳಿಸಿಕೊಂಡು ನಿವೇದಿತಾ ಬಂದಳು. "ನಮ್ಮ ಬಾತ್‌ರೂಮಲ್ಲಾ ಮುನಿಯಕ್ಕ? ಸೀರಿಯಸ್ಲಿ?"

"ಆಸಿಡ್ ಹಾಕಿ ತಿಕ್ಕು ಅದನ್ನ," ಅಂದಳು ಲಕ್ಷ್ಮವ್ವ. "ಛೀ, ಛೀ!"

ಮುನಿಯಕ್ಕ ಆಸಿಡ್ ಬಾಟಲಿ ತಂದು ಲಕ್ಷ್ಮವ್ವನ ಕಾಲಬುಡದಲ್ಲಿ ಇಟ್ಟಳು. "ನಿಮ್ ಮೂವರದ್ದೂ ತೊಳ್ದಿವ್ನಿ, ಒಂದಿನಾನೂ ಛೀ ಅಂದಿಲ್ಲ. ನಂದೊಂದ್ಕಿತ ನೀವು ತೊಳೀರಮ್ಮಾ."

ಚಪ್ಪಲಿ ಮೆಟ್ಟಿ ಇಳಿದು ಹೋದಳು.

ಮಾರನೇ ಬೆಳಗ್ಗೆ ನಿವೇದಿತಾಳ ಫೋನು. "ನೀವಿಲ್ದೆ ಕೂರ್ತಾನೇ ಇಲ್ಲ ಅವ್ನು. ಪ್ಲೀಸ್, ಬನ್ನಿ."

"ಬತ್ತೀನಿ. ನಂಗೂ ಅಲ್ಲೇ ಕೂರಕ್ ಬುಡ್ತೀರಾ?"

ನಿವೇದಿತಾಳ ಹಿಂದಿನಿಂದ ಹುಡುಗನ ಅಳು, ಆಮೇಲೆ ಲಕ್ಷ್ಮವ್ವನ ಕೂಗು: "ಅಯ್ಯ ಶಿವನ, ಸೋಫಾದ ಮ್ಯಾಲ!"

ಮುನಿಯಕ್ಕ ಫೋನಿಟ್ಟು ಬಿಂದಿಗೆಯಿಂದ ದೊಡ್ಡ ಚೊಂಬು ತುಂಬಿಸಿದಳು. ಗಟಗಟ ಕುಡಿದಳು. ಇನ್ನೊಂದು ಚೊಂಬು ಬಗ್ಗಿಸಿಕೊಂಡಳು.