ಬಾಗಿಲಿಗೊಂದು ಕೂಗು

"ಇಲ್ಲಿ ಕೂಗುತ್ತೆ ಮೇಷ್ಟ್ರೇ. ಮನೇಲಿ ಮಾತ್ರ ಬಾಯಿ ಬಿಡಲ್ಲ," ಎನ್ನುತ್ತ ಆಯಿಲಿ ಕಾಂಗಸ್ ಪ್ಲಾಸ್ಟಿಕ್ ಡಬ್ಬಿಯನ್ನು ಅಬ್ಶಿರನ ಮೇಜಿನ ಮೇಲೆ ಕುಕ್ಕಿದಳು. ಡಬ್ಬಿಯೊಳಗೆ ಹೆಬ್ಬೆರಳಗಲದ ಮೈಕ್ರೋಕಂಟ್ರೋಲರ್ ಬೋರ್ಡು, ಒಂದು ಸ್ಪೀಕರು, ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಸ್ವಿಚ್ಚು. ಬೆಸುಗೆ ಹಾಕಿದ್ದು, ಪ್ರೋಗ್ರಾಂ ಬರೆದದ್ದು ಎಲ್ಲ ಅವಳೇ. ಕಂಪ್ಯೂಟರ್ ಕಂಡರೆ ಮೂಗು ಮುರಿಯುತ್ತ ಮುದುಕಿಯಾದವಳು ಅಮೆರಿಕದ ಡುಲೂತ್ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಡೆಯುವ ಈ ಶನಿವಾರದ ತರಗತಿಗೆ ಸೇರಿದ್ದು ಗಂಡನಿಗಾಗಿ.

ಗಂಡ ರೇನೋಗೆ ಮರೆವಿನ ಕಾಯಿಲೆ. ಅದಿರು ತುಂಬುವ ಹಡಗುಕಟ್ಟೆಯಲ್ಲಿ ಜೀವಮಾನವಿಡೀ ದುಡಿದವನು ನಿವೃತ್ತನಾದದ್ದನ್ನೂ ಮರೆತಿದ್ದ. ಪಾಳಿಗೆ ಹೊತ್ತಾಯಿತೆಂದು ಎದ್ದು ಹೊರಟುಬಿಡುತ್ತಿದ್ದ. ಬೀಗ ಹಾಕಿ ನೋಡಿದಳು. ಬಾಗಿಲ ಮುಂದೆ ನಿಂತು ಮಗುವಿನಂತೆ ಅತ್ತ. ಆ ಅಳುವನ್ನು ಅವಳಿಂದ ತಡೆಯಲಾಗಲಿಲ್ಲ. ಬಾಗಿಲು ತೆರೆದರೆ ಕೂಗುವ, ಅಂಗಡಿಯಲ್ಲಿ ಸಿಗುವ ಗಂಟೆಯ ಕೀರಲು ದನಿ ಅವಳ ಮಂದ ಕಿವಿಗೆ ಬೀಳದು. ಕೊನೆಗೆ ತನಗೆ ಕೇಳುವಂಥ ದಪ್ಪ ದನಿಯನ್ನು ತಾನೇ ಮಾಡಿಕೊಳ್ಳಲು ಹೊರಟಳು.

ಡಬ್ಬಿ ಹಾಕಿದ ವಾರವೇ, ಅವಳು ಕೆಳಗೆ ಬಟ್ಟೆ ಒಗೆಯುತ್ತಿದ್ದಾಗ, ರೇನೋ ಬಾಗಿಲು ತೆಗೆದು ನಡೆದಿದ್ದ. ಡಬ್ಬಿ ಉಸಿರೆತ್ತಲಿಲ್ಲ. ಹಿಮದಲ್ಲಿ ಬರೀ ಕಾಲುಚೀಲದಲ್ಲಿದ್ದವನನ್ನು ಪಕ್ಕದ ಮನೆಯವರು ಕರೆತಂದರು. ಎಡಗಾಲಿನ ಬೆರಳುಗಳು ಚಳಿಗೆ ಮರಗಟ್ಟಿ ಕಪ್ಪಾಗಿದ್ದವು. ಮಗಳು ಕೈಸಾ ಮರೆವಿನವರನ್ನು ನೋಡಿಕೊಳ್ಳುವ ಮನೆಯಲ್ಲಿ ಜಾಗ ಗೊತ್ತುಮಾಡಿ, ಭಾನುವಾರ ಬಂದು ಅಪ್ಪನನ್ನು ಕರೆದೊಯ್ಯುತ್ತೇನೆ ಎಂದಳು.

ಅಬ್ಶಿರ್ ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಅಯಸ್ಕಾಂತ ಸರಿಸಿದ. ಅದು ಹಡಗಿನಂತೆ ಕೂಗಿತು. ಮತ್ತೆ ಸರಿಸಿದ, ಮತ್ತೆ ಕೂಗಿತು. ಎಲ್ಲ ಸರಿಯಾಗಿದೆಯಲ್ಲ ಎಂದ.

"ಹಾಗಾದ್ರೆ ಕೆಟ್ಟಿರೋದು ನಾನಾ?" ಎಂದಳು ಆಯಿಲಿ.

ಅವನು ತಂತಿ ಕಿತ್ತು ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿದ. ಈ ಸಲ ಸದ್ದಿಲ್ಲ. ಪ್ರೋಗ್ರಾಂ ತೆರೆದು ಮೇಲಿನಿಂದ ಓದುತ್ತ ಬಂದವನು ಒಂದು ಸಾಲಿನ ಹತ್ತಿರ ನಿಂತುಬಿಟ್ಟ. ಕಂಪ್ಯೂಟರ್ ಸಂಪರ್ಕಕ್ಕೆ ಬರುವವರೆಗೂ ಯಾವ ಕೆಲಸವನ್ನೂ ಶುರುಮಾಡಬೇಡ ಎನ್ನುವ ಸಾಲು ಅದು. ಕಲಿಯುವವರಿಗೆ ಬೋರ್ಡು ಪರದೆಗೆ ಕಳಿಸುವ ಮೊದಲ ಸಂದೇಶಗಳು ತಪ್ಪದಿರಲಿ ಎಂದು ಪಾಠದಲ್ಲಿ ಹಾಕಿದ್ದು. ಮೇಜಿನ ಮೇಲೆ ಕಂಪ್ಯೂಟರ್ ಯಾವಾಗಲೂ ಇರುತ್ತದೆ. ಆಯಿಲಿಯ ಬಾಗಿಲ ಹತ್ತಿರ ಎಲ್ಲಿಂದ ಬರಬೇಕು? ಹಾಕಿದ ಗಳಿಗೆಯಿಂದಲೂ ಡಬ್ಬಿ ಅದಕ್ಕೇ ಕಾಯುತ್ತ ಕೂತಿತ್ತು, ಬಾಗಿಲನ್ನು ಒಮ್ಮೆಯೂ ನೋಡಿರಲಿಲ್ಲ.

"ಈ ಸಾಲು ನಾನು ಕೊಟ್ಟಿದ್ದು," ಎಂದ ಅಬ್ಶಿರ್. "ಮನೇಲಿ ಹಾಕೋವಾಗ ತೆಗೀರಿ ಅಂತ ಹೇಳ್ಲೇ ಇಲ್ಲ."

ಆಯಿಲಿಗೆ ಸಿಟ್ಟು ನೆತ್ತಿಗೇರಿತು. ಗಂಡನ ಕಾಲಿನ ಮಾತು ನಾಲಿಗೆಯ ತುದಿಗೆ ಬಂತು. ಅವನ ಮುಖ ನೋಡಿ ನುಂಗಿಕೊಂಡಳು.

"ಹಾಕಿದ್ಮೇಲೆ ನಾನಾದ್ರೂ ಒಂದ್ಸಲ ಬಾಗಿಲು ತೆಗೆದು ನೋಡ್ಬೇಕಿತ್ತು. ಇಲ್ಲಿ ಕೂಗ್ತಲ್ಲ, ಅಷ್ಟಕ್ಕೇ ಹಿಗ್ಗಿಬಿಟ್ಟೆ."

ಅಬ್ಶಿರ್ ಅಳಿಸಲು ಕೈ ಚಾಚಿದ. ಅವಳು ಬಿಡದೆ, ಕನ್ನಡಕ ಏರಿಸಿಕೊಂಡು ತಾನೇ ಆ ಸಾಲನ್ನು ತೆಗೆದಳು.

ಭಾನುವಾರ ಕೈಸಾ ಬಂದಳು. ಡಬ್ಬಿ ಸರಿಯಾಯಿತೆಂದು ಆಯಿಲಿ ಹೇಳಿದ್ದಕ್ಕೆ, ಹೋದ ಸಲವೂ ಹೀಗೇ ಹೇಳಿದ್ದೆಯಲ್ಲ ಎಂದಷ್ಟೇ ಅಂದು ಅಪ್ಪನ ಅಂಗಿಗಳನ್ನು ಮಡಿಸತೊಡಗಿದಳು. ಆಯಿಲಿ ಉಣ್ಣೆಯ ಕಾಲುಚೀಲಗಳನ್ನು ಹುಡುಕಿ ಕೊಟ್ಟಳು. ಅಷ್ಟರಲ್ಲಿ ಹೊರಬಾಗಿಲ ಕಡೆಯಿಂದ ದಪ್ಪ ದನಿಯ ಕೂಗು ಎದ್ದಿತು.

ಇಬ್ಬರೂ ಓಡಿದರು. ಬಾಗಿಲು ಹಾರುಹೊಡೆದಿತ್ತು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬ್ಯಾಂಡೇಜು. ರೇನೋ ಹೊಸ್ತಿಲ ಒಳಗೇ ನಿಂತು ಕಿವಿಗೊಟ್ಟು ಕೇಳುತ್ತಿದ್ದ.

"ಸೈರನ್ ಆಯ್ತು," ಎಂದ. "ಪಾಳಿ ಮುಗೀತು."

ಬೆಂಚಿನ ಮೇಲೆ ಕುಸಿದು ಕೂತು, ದಣಿದವನಂತೆ ಬೂಟಿನ ಕಾಲನ್ನು ಮುಂದೆ ಚಾಚಿದ. ಕೈಸಾ ಮೊಣಕಾಲೂರಿ ಬೂಟಿನ ದಾರ ಬಿಚ್ಚಿದಳು.

"ಇವತ್ತು ಕರ್ಕೊಂಡು ಹೋಗೋದು ಬೇಡಮ್ಮ," ಎಂದಳು, ತಲೆಯೆತ್ತದೆ.

ಬಾಗಿಲು ಮುಚ್ಚಿದರೆ ಕೂಗು ನಿಲ್ಲುತ್ತಿತ್ತು. ಆಯಿಲಿ ಮುಚ್ಚದೆ, ಆ ಕೂಗನ್ನು ಕೇಳುತ್ತ ಹಾಗೇ ನಿಂತಿದ್ದಳು. ಹಿಮದ ಪುಡಿ ಹೊಸ್ತಿಲು ದಾಟಿ ಚಾಪೆಯ ಮೇಲೆ ಬೀಳುತ್ತಿತ್ತು.